ಪಾದರಸ ದೀಪ ತೆಗೆದು ಎಲ್‌ಇಡಿಯಲ್ಲಿ ರೇಬೀಸ್ ಎಫ್‌ಎಟಿ: ನನ್ನ ಅನುಭವ

ಸತ್ತ ಪ್ರಾಣಿಯ ಮಿದುಳಿಗೆ ಹೊಳೆಯುವ ಆ್ಯಂಟಿಬಾಡಿ ಹಾಕಿ, ಮೈಕ್ರೋಸ್ಕೋಪಿನಲ್ಲಿ ರೇಬೀಸ್ ಹುಡುಕುವ ಪರೀಕ್ಷೆ ಎಫ್‌ಎಟಿ. ಪಾದರಸ ದೀಪದ ಬದಲು ಎಲ್‌ಇಡಿ ಬೆಳಕಿನಲ್ಲಿ ಅದು ಆಗದು ಎಂದವರೇ ಹೆಚ್ಚು. ಅವರಿಗೆ ಒಂದೇ ಸ್ಲೈಡನ್ನು ಎರಡೂ ದೀಪಗಳಲ್ಲಿ ತೋರಿಸಿದೆ. ವೈರಸ್ ಇರುವಲ್ಲಿ ಹೊಳೆಯುವ ಸೇಬು ಹಸಿರು ಚುಕ್ಕಿಗಳು ಅದೇ ಜಾಗದಲ್ಲಿ, ಅದೇ ಹೊಳಪಿನಲ್ಲಿ ಕಂಡವು. ಯಾವುದು ಯಾವ ದೀಪವೆಂದು ಅವರಿಗೇ ಗುರುತು ಹತ್ತಲಿಲ್ಲ.

ಪಾದರಸದ ಬಲ್ಬು ಸುಮಾರು 200 ಗಂಟೆ ಉರಿದರೆ ಮುಗಿಯಿತು, ಬದಲಿಸಲು ಹತ್ತು ಸಾವಿರದ ಆಸುಪಾಸು ಬೇಕು. ನನ್ನ ಇಡೀ ಜೋಡಣೆ ನಾಲ್ಕು ಸಾವಿರದೊಳಗೆ ಆಯಿತು.

ಕೆಲಸ ಕೆಡುವುದು ಎಲ್‌ಇಡಿ ಆಯ್ಕೆಯಲ್ಲಿ. ಬಿಳಿಯದು ಎಷ್ಟು ವಾಟ್ ಇದ್ದರೂ ಮಂಕು: ಅದರ ಬೆಳಕು 450 ನ್ಯಾನೊಮೀಟರ್ ಬಳಿ ಏರಿ, ಆ್ಯಂಟಿಬಾಡಿಗೆ ಅಂಟಿಸಿದ ಹಸಿರು ಹೊಳೆಯುವ ಬಣ್ಣವಾದ ಎಫ್‌ಐಟಿಸಿಗೆ ಬೇಕಾದ 480ರ ಸುತ್ತಲೇ ಕುಸಿಯುತ್ತದೆ. ‘ನೀಲಿ’ ಎಂದು ಕೈಗೆ ಬರುವುದು ಎಷ್ಟೋ ಸಲ 450ರ ರಾಯಲ್ ಬ್ಲೂ. ಬಣ್ಣವನ್ನು ಹೊಳೆಸುವ ಬೆಳಕನ್ನಷ್ಟೇ ಒಳಬಿಡುವ 465–495ರ ಎಕ್ಸೈಟೇಷನ್ ಫಿಲ್ಟರ್ ಅದರ ಬಹುಪಾಲನ್ನು ತಡೆದುಬಿಡುತ್ತದೆ. ಡೇಟಾಶೀಟಿನಲ್ಲಿ 470 ಎಂದಿದ್ದರೆ ಮಾತ್ರ ಕೊಳ್ಳಿ. ಚಿಪ್ ಕಾದಂತೆ ಬೆಳಕು ಇಳಿಯುತ್ತದೆ, ಹೀಟ್‌ಸಿಂಕ್ ದೊಡ್ಡದೇ ಇರಲಿ. ಡ್ರೈವರ್ ಸ್ಥಿರ ಕರೆಂಟಿನದು. ಮೈಕ್ರೋಸ್ಕೋಪಿನಲ್ಲಿ ಫಿಲ್ಟರ್‌ಗಳನ್ನು ಹಿಡಿದಿಡುವ ಹಳೆಯ ಫಿಲ್ಟರ್ ಕ್ಯೂಬ್ ಹಾಗೇ ನಡೆಯುತ್ತದೆ.

ದೀಪ ಸರಿಯಾದ ಮೇಲೂ ಹಸಿರು ಮಂಕಾದರೆ ಕವರ್‌ಸ್ಲಿಪ್ ಕೆಳಗೆ ಹಾಕುವ ಮೌಂಟಿಂಗ್ ದ್ರವ ನೋಡಿ. ಅದು ಆಮ್ಲೀಯವಾದರೆ ಎಫ್‌ಐಟಿಸಿ ಹೊಳಪು ಕಳೆದುಕೊಳ್ಳುತ್ತದೆ. ಗ್ಲಿಸರಾಲ್ ಬಫರಿನ ಪಿಎಚ್ 8.5ಕ್ಕಿಂತ ಕೆಳಗಿಳಿಯಬಾರದು. ಮಿದುಳುಕಾಂಡ, ಸೆರೆಬೆಲ್ಲಮ್ (ಕಿರುಮಿದುಳು) ಎರಡರದ್ದೂ ಇಂಪ್ರೆಷನ್, ಅಂದರೆ ಸ್ಲೈಡಿಗೆ ಒತ್ತಿದ ಅಚ್ಚು, ತೆಳ್ಳಗಿರಲಿ. ದಪ್ಪವಾದರೆ ತೊಳೆಯುವಾಗ ಕಿತ್ತುಬರುತ್ತದೆ. ಮೈನಸ್ 20ರ ಅಸಿಟೋನಿನಲ್ಲಿ ರಾತ್ರಿಯಿಡೀ ಬಿಡಿ. ಆಮೇಲೆ ಕಾನ್ಜುಗೇಟ್ (ಎಫ್‌ಐಟಿಸಿ ಅಂಟಿಸಿದ ರೇಬೀಸ್ ಆ್ಯಂಟಿಬಾಡಿ) ಹಾಕಿ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಡುವಾಗ ಪೆಟ್ಟಿಗೆಯ ತೇವ ಆರಿದರೆ, ಒಣಗಿದ ಅಂಚೆಲ್ಲ ಸುಳ್ಳು ಹಸಿರು. ಆಮೇಲೆ ಪಿಬಿಎಸ್ ಎಂಬ ಉಪ್ಪಿನ ಬಫರ್ ದ್ರಾವಣದಲ್ಲಿ ಐದೈದು ನಿಮಿಷ, ಎರಡು ಸಲ ತೊಳೆಯಿರಿ.

ಕಾನ್ಜುಗೇಟ್ ದುಬಾರಿ ಎಂದು ಮನಸ್ಸಿಗೆ ಬಂದಷ್ಟು ತೆಳುಮಾಡಬೇಡಿ. ಪ್ರತಿ ಲಾಟನ್ನೂ ಗೊತ್ತಿರುವ ಪಾಸಿಟಿವ್ ಮಿದುಳಿನ ಮೇಲೆ ಟೈಟ್ರೇಟ್ ಮಾಡಿ (ಹಂತಹಂತವಾಗಿ ತೆಳುಮಾಡಿ ನೋಡಿ), ಹೊಳಪು ಇಳಿಯತೊಡಗುವ ಹಂತಕ್ಕಿಂತ ಒಂದು ಮೆಟ್ಟಿಲು ಗಟ್ಟಿಯದನ್ನು ಬಳಸಿ. ಸಣ್ಣ ಪಾಲುಗಳಾಗಿ ಫ್ರೀಜ್ ಮಾಡಿದರೆ ಪದೇ ಪದೇ ಕರಗಿಸಿ ಹಾಳಾಗುವುದು ತಪ್ಪುತ್ತದೆ. ದುಡ್ಡು ಉಳಿಯುವುದು ಅಲ್ಲೇ.

ಆ್ಯಂಟಿಬಾಡಿ ಬದಲು, ಹೆಚ್ಚು ಖರ್ಚಿಲ್ಲದ ಅಕ್ರಿಡಿನ್ ಆರೆಂಜ್ ಎಂಬ ಹೊಳೆಯುವ ಬಣ್ಣವನ್ನೂ ಹಾಕಿ ನೋಡಿದೆ. ನೋಟ ಚೆಂದ, ಉಪಯೋಗವಿಲ್ಲ: ನ್ಯೂಕ್ಲಿಯಿಕ್ ಆಮ್ಲ ಇರುವ ಕೋಶವೆಲ್ಲ ಹೊಳೆಯುತ್ತದೆ, ಸೋಂಕಿನ ಕೋಶ ಬೇರೆಯಾಗಿ ಎದ್ದು ಕಾಣುವುದಿಲ್ಲ. ಆ್ಯಂಟಿಬಾಡಿ ಬೇಕೇ ಬೇಕು.

ಕೊಳೆತು ನೀರಾದ ಮಿದುಳಿನಲ್ಲಿ ಹಸಿರು ಕಾಣದಿದ್ದರೆ ನೆಗೆಟಿವ್ ಎಂದು ಬರೆಯಬೇಡಿ, ‘ಪರೀಕ್ಷೆಗೆ ಯೋಗ್ಯವಲ್ಲ’ ಎಂದು ಬರೆಯಿರಿ. ಕಚ್ಚಿಸಿಕೊಂಡವರ ಲಸಿಕೆ ಅಂಥ ವರದಿಗಾಗಿ ಒಂದು ದಿನವೂ ನಿಲ್ಲಬಾರದು.