30 ಸೆಕೆಂಡಿನಲ್ಲಿ ನಗಿಸುವ ರೇಡಿಯೋ ಜಾಹೀರಾತು ಮಾಡುವ ಬಗೆ

ಜೋಕು ಹುಡುಕುತ್ತ ಕೂರಬೇಡಿ. ಮಾರಬೇಕಾದ ವಸ್ತುವನ್ನು ಎದುರಿಗಿಟ್ಟುಕೊಂಡು, ಜನ ಅದರ ಜೊತೆ ಎಂಥೆಂಥ ಪೆದ್ದುತನ ಮಾಡುತ್ತಾರೆ ಅಂತ ಯೋಚಿಸಿ. ಛತ್ರಿ ಎಂದೇ ಇಟ್ಟುಕೊಳ್ಳೋಣ. ಬಾಗಿಲು ತೆರೆಯುವ ಸದ್ದು, ನೆಲದ ಮೇಲೆ ತೊಟ್ಟಿಕ್ಕುವ ನೀರು.

ಹೆಂಡತಿ: ಕೈಯಲ್ಲೇ ಛತ್ರಿ ಇದೆಯಲ್ರೀ, ಹೀಗೆ ತೊಯ್ದು ತೊಪ್ಪೆಯಾಗಿ ಬಂದಿದ್ದೀರಾ?
ಗಂಡ: ಹೊಸದು ಕಣೇ... ನೆನೆದುಬಿಡುತ್ತೆ ಅಂತ ಬಿಚ್ಚಲಿಲ್ಲ.

ಛತ್ರಿಯ ಜಾಗದಲ್ಲಿ ಗಡಿಯಾರ ಇಟ್ಟರೆ ಈ ಮಾತು ಬಿದ್ದೇಹೋಗುತ್ತದೆ. ಬೀಳಬೇಕು ಕೂಡ. ಯಾವ ವಸ್ತುವಿಗಾದರೂ ಒಗ್ಗುವ ಜೋಕಾದರೆ ಕೇಳಿದವರಿಗೆ ಜೋಕು ನೆನಪಿರುತ್ತದೆ, ಛತ್ರಿ ಮರೆತುಹೋಗುತ್ತದೆ. ಇನ್ನೊಂದು ವಿಷಯ: ಜಾಹೀರಾತು ದಿನಕ್ಕೆ ಹಲವು ಸಲ ಬರುತ್ತದೆ. ಬರೀ ಅಚ್ಚರಿಯ ಮೇಲೆ ನಿಂತ ನಗು ಮೂರನೇ ಸಲಕ್ಕೇ ಸಪ್ಪೆ. ಪಾತ್ರದ ಮುಗ್ಧತೆ ಮಾತ್ರ ಹತ್ತನೇ ಸಲವೂ ಕಚಗುಳಿ ಇಡುತ್ತದೆ. ಅದಕ್ಕೇ ಗಂಡನ ಪಾತ್ರದವರು ನಗಿಸಲು ಹೋಗಬಾರದು; ಛತ್ರಿಯ ಮೇಲಿನ ಅಭಿಮಾನದಿಂದ ಹೇಳಬೇಕು. ‘ಕಣೇ’ ಆದಮೇಲೆ ಅರ್ಧ ಸೆಕೆಂಡು ಬಿಡಿ. ಸಂಕಲನದಲ್ಲಿ ಆ ಬಿಡುವನ್ನು ಕತ್ತರಿಸಿದರೆ ನಗುವೂ ಕತ್ತರಿಸಿಹೋಗುತ್ತದೆ.

ಸಮಯದ ಹಂಚಿಕೆ ಹೀಗಿರಲಿ: ಸಂಭಾಷಣೆಗೆ 20 ಸೆಕೆಂಡು, ಅಂಗಡಿಯ ಹೆಸರು ಮತ್ತು ಕೊಡುಗೆಗೆ 7, ಸದ್ದಿಗೂ ಮೌನಕ್ಕೂ 3. ಕನ್ನಡದಲ್ಲಿ ಒಂದೊಂದು ಪದವೂ ಪ್ರತ್ಯಯ ಸೇರಿ ಉದ್ದವಾಗುವುದರಿಂದ ಪದ ಎಣಿಸಿದರಷ್ಟೇ ಸಾಲದು. ಜೋರಾಗಿ ಓದಿ, ಸ್ಟಾಪ್‌ವಾಚ್ ಹಿಡಿಯಿರಿ. ಸುಮಾರು 50 ಪದ ದಾಟಿದರೆ ಮಾತು ಓಡತೊಡಗುತ್ತದೆ. ಹತ್ತು ಅಂಕಿಯ ಫೋನ್ ನಂಬರು ಒಂದು ಸಲ ಹೇಳಲು ನಾಲ್ಕೈದು ಸೆಕೆಂಡು ಬೇಕು. ಒಂದೇ ಸಲ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ. ನಂಬರು ಬಿಟ್ಟು ಹೆಸರನ್ನೇ ಎರಡು ಸಲ ಹೇಳಿ.

ಸದ್ದಿನಿಂದ ಏನನ್ನು ಬೇಕಾದರೂ ಕಟ್ಟಬಹುದು. ಅಮೆರಿಕದ ಹಾಸ್ಯಗಾರ ಸ್ಟ್ಯಾನ್ ಫ್ರೀಬರ್ಗ್ 1960ರ ದಶಕದಲ್ಲಿ ರೇಡಿಯೋದ ಪರವಾಗಿಯೇ ಮಾಡಿದ ಜಾಹೀರಾತಿನಲ್ಲಿ ಮಿಷಿಗನ್ ಸರೋವರವನ್ನು ಬರಿದು ಮಾಡಿ, ಬಿಸಿ ಚಾಕೊಲೇಟ್ ತುಂಬಿ, ಮೇಲೆ ಕೆನೆಯ ಗುಡ್ಡ ಕೂರಿಸಿ, ವಿಮಾನದಿಂದ ಹತ್ತು ಟನ್ ತೂಕದ ಒಂದೇ ಚೆರ್ರಿ ಹಣ್ಣು ಬೀಳಿಸಿದರು. ಅದು ಕಣ್ಣಿಗೆ ಕಟ್ಟಿದ್ದು ಪ್ರತಿಯೊಂದನ್ನೂ ಮೊದಲು ಮಾತಿನಲ್ಲಿ ಹೇಳಿ ಆಮೇಲೆ ಸದ್ದು ಕೇಳಿಸಿದ್ದರಿಂದ. ನಿಜವಾದ ಮಳೆಯನ್ನು ರೆಕಾರ್ಡ್ ಮಾಡಿ ಹಾಕಿ ನೋಡಿ, ಚಿಕ್ಕ ಸ್ಪೀಕರಿನಲ್ಲಿ ಅದು ಬಾಣಲೆಯಲ್ಲಿ ಏನೋ ಕರಿಯುತ್ತಿರುವ ಹಾಗೆ ಕೇಳುತ್ತದೆ. ತಗಡಿನ ಮೇಲೆ ಬಿಡಿಬಿಡಿಯಾಗಿ ಬೀಳುವ ಹನಿ ಹಾಕಿದರೆ ಮಳೆ ಅಂತ ಕಿವಿ ಒಪ್ಪುತ್ತದೆ. ವಾಹನದ ಹಾರ್ನು, ಆಂಬುಲೆನ್ಸಿನ ಸೈರನ್ ಮಾತ್ರ ಬೇಡವೇ ಬೇಡ: ಕೇಳುವವರು ಗಾಡಿ ಓಡಿಸುತ್ತಿರಬಹುದು, ಬೆಚ್ಚಿಬೀಳುತ್ತಾರೆ.

ಧ್ವನಿಮುದ್ರಣಕ್ಕೆ ಇಬ್ಬರನ್ನೂ ಒಟ್ಟಿಗೇ ನಿಲ್ಲಿಸಿ. ಬೇರೆ ಬೇರೆಯಾಗಿ ಮುದ್ರಿಸಿ ಜೋಡಿಸಿದರೆ ಒಬ್ಬರ ಮಾತಿಗೆ ಇನ್ನೊಬ್ಬರ ಉಸಿರು ತಾಳೆಯಾಗುವುದಿಲ್ಲ. ಮೈಕಿಗೂ ಬಾಯಿಗೂ ಒಂದು ಗೇಣು ಅಂತರ. ‘ಪ’, ‘ಫ’, ‘ಭ’ಗಳ ಗಾಳಿ ಬಡಿಯದಂತೆ ಮೈಕು ತುಸು ಪಕ್ಕಕ್ಕಿರಲಿ. ಬರಿಗೋಡೆ ಮಾರ್ದನಿ ಕೊಡುತ್ತದೆ, ದಪ್ಪ ಕಂಬಳಿ ಇಳಿಬಿಡಿ. ಮುದ್ರಣದ ಮೀಟರಿನಲ್ಲಿ ಧ್ವನಿಯ ಶಿಖರ, ಅಂದರೆ ಅತಿ ಜೋರಾದ ಕ್ಷಣ, ಮೈನಸ್ 6 ಡೆಸಿಬಲ್ ದಾಟದಿರಲಿ. ಸಂಗೀತ ಮಾತಿಗಿಂತ 15ರಿಂದ 18 ಡೆಸಿಬಲ್ ಕೆಳಗಿರಬೇಕು, ನಗೆಯ ಮಾತು ಬರುವ ಅರ್ಧ ಸೆಕೆಂಡು ಮೊದಲೇ ಪೂರ್ತಿ ನಿಲ್ಲಬೇಕು.

ಜಾಹೀರಾತು ಮಾಡಿಸುವವರಿಗೆ ಸಂಭಾಷಣೆ ಬರೆದ ಹಾಳೆ ಕೊಡಬೇಡಿ. ಹಾಳೆಯ ಮೇಲೆ ಆ ಅರ್ಧ ಸೆಕೆಂಡಿನ ಮೌನ ಕಾಣುವುದೇ ಇಲ್ಲ. ಫೋನಿನಲ್ಲೇ ಕಚ್ಚಾ ಮುದ್ರಣ ಮಾಡಿ ಕೇಳಿಸಿ. ರಿಯಾಯಿತಿ, ವಿಳಾಸ, ಸಂಸ್ಥಾಪಕರ ಹೆಸರು ಎಲ್ಲವನ್ನೂ ಸೇರಿಸಿ ಎಂದರೆ ಅವಕ್ಕೆ ಬೇರೆಯದೇ 10 ಸೆಕೆಂಡಿನ ತುಣುಕು ಮಾಡಿಕೊಡಿ. ಕೊನೆಗೆ ಒಂದೇ ಸ್ಪೀಕರಿನಲ್ಲಿ, ಮೋನೋದಲ್ಲಿ (ಎಡ-ಬಲದ ಸದ್ದು ಒಂದಾಗಿ) ಕೇಳಿ ನೋಡಿ. ಸ್ಟೀರಿಯೋದಲ್ಲಿ ಚೆಂದ ಕೇಳಿದ ಸದ್ದು ಇಲ್ಲಿ ಮಾಯವಾಗಿರಬಹುದು. ಫೈಲಿನ ಉದ್ದ 30 ಸೆಕೆಂಡಿಗಿಂತ ಒಂದು ಕೂದಲೆಳೆಯಷ್ಟೂ ಹೆಚ್ಚಾಗದಿರಲಿ. ಹೆಚ್ಚಾದರೆ ಪ್ರಸಾರದಲ್ಲಿ ಬಾಲ ಕತ್ತರಿಸಿಹೋಗುವ ಅಪಾಯವಿದೆ, ಬಾಲದಲ್ಲಿರುವುದು ಅಂಗಡಿಯ ಹೆಸರು.