ಮಾಮೂಲಿ ಸ್ಪ್ಲೈಸರ್‌ನಲ್ಲೇ ಸಣ್ಣ ಕೋರ್ ಫೈಬರ್ ಕೂಡಿಸಿದ್ದು: ನನ್ನ ಅನುಭವ

ಫೈಬರ್ ಅಂದರೆ ಬೆಳಕು ಹರಿಯುವ ಗಾಜಿನ ಎಳೆ, ಕೋರ್ ಅಂದರೆ ಅದರಲ್ಲಿ ಬೆಳಕು ಹೋಗುವ ನಡುಭಾಗ. ಸಣ್ಣ ಕೋರಿನ ಹೈ ಎನ್‌ಎ (ಬೆಳಕನ್ನು ಬಿಗಿಯಾಗಿ ಹಿಡಿದಿಡುವ) ಫೈಬರನ್ನು ಮಾಮೂಲಿ ಸಿಂಗಲ್ ಮೋಡ್ ಫೈಬರಿಗೆ ಕೂಡಿಸಬೇಕು ಅಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು. ಆರ್ಕ್ ಸ್ಪ್ಲೈಸರ್‌ನಲ್ಲಿ (ವಿದ್ಯುತ್ ಕಿಡಿಯ ಬಿಸಿಯಲ್ಲಿ ಫೈಬರ್ ತುದಿಗಳನ್ನು ಕರಗಿಸಿ ಕೂಡಿಸುವ ಮೆಷಿನ್) ಆಗೋ ಕೆಲಸ ಅಲ್ಲ, ಫಿಲಮೆಂಟ್ ಮೆಷಿನ್ ಅಥವಾ ಕಾರ್ಬನ್ ಡೈ ಆಕ್ಸೈಡ್ ಲೇಸರ್ ಮೆಷಿನ್ ತಗೊಳ್ಳಿ. ಅದರ ಬೆಲೆಗೆ ಮಾಮೂಲಿ ಸ್ಪ್ಲೈಸರ್‌ಗಳು ಹಲವು ಬರುತ್ತವೆ. ನಾನು ಹಳೇ ಮೆಷಿನ್‌ನಲ್ಲೇ ಮಾಡಿದೆ. ಈಗ ಒಂದು ಜಾಯಿಂಟ್‌ಗೆ 0.2 ಡಿಬಿ ಆಸುಪಾಸು ಲಾಸ್, ಅಂದರೆ ಬೆಳಕಿನ ನಷ್ಟ, ಬರುತ್ತಿದೆ. ಆಗಲ್ಲ ಅಂದಿದ್ದವರೇ ಈಗ ಕೂಡಿಸಿ ಕೊಡಿ ಅಂತ ಫೈಬರ್ ಕಳಿಸುತ್ತಿದ್ದಾರೆ.

ತೊಂದರೆ ಏನು ಅಂದರೆ ಎರಡರ ಅಳತೆ ಹೊಂದಲ್ಲ. 1550 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ಮಾಮೂಲಿ ಫೈಬರಿನ ಮೋಡ್ ವ್ಯಾಸ (ಬೆಳಕು ಹರಡಿಕೊಂಡಿರುವ ಅಗಲ) 10.4 ಮೈಕ್ರಾನ್. ಬೆಳಕಿನಲ್ಲಿ ಕೆಲಸ ಮಾಡುವ ಚಿಪ್‌ಗೆ ಹಿಡಿಯುವ ಈ ಸಣ್ಣ ಫೈಬರಿನದು 4ರ ಹತ್ತಿರ. ಸುಮ್ನೆ ಎದುರುಬದುರು ಇಟ್ಟರೆ 3 ಡಿಬಿಗೂ ಜಾಸ್ತಿ ಹೋಗುತ್ತೆ. ಅರ್ಧಕ್ಕಿಂತ ಹೆಚ್ಚು ಬೆಳಕು ಅಲ್ಲೇ ಖಾಲಿ.

ಮೊದಲು ನಡುವೆ ಇನ್ನೊಂದು ಫೈಬರ್ ಹಾಕಿ ನೋಡಿದೆ, ಮೋಡ್ ಆರೂವರೆ ಮೈಕ್ರಾನ್ ಇರುವಂಥದ್ದು. ಲೆಕ್ಕದಲ್ಲೇ ಒಂದೊಂದು ಜಾಯಿಂಟ್‌ಗೆ 0.9 ಡಿಬಿ ಬರುತ್ತೆ, ಎರಡು ಸೇರಿ 1.8ರ ಮೇಲೆ. ಖರ್ಚು ಹೆಚ್ಚಾಯ್ತು, ಮುರಿಯೋ ಜಾಗವೂ ಎರಡಾಯ್ತು. ಆಮೇಲೆ ಆರ್ಕ್ ಪವರ್ ಏರಿಸಿ ಒಂದೇ ಸಲ ಉದ್ದಕ್ಕೆ ಸುಟ್ಟೆ. ಗಾಜು ಮೆತ್ತಗಾಗಿ ಜಾಯಿಂಟ್ ಸೊಂಟದಂತೆ ಸಣ್ಣಗಾಯ್ತು, ಕೋರ್ ವಾಲಿತು. ಲಾಸ್ ಮತ್ತೆ ಮೇಲಕ್ಕೆ. ಈ ಎರಡು ಪ್ರಯತ್ನಕ್ಕೇ ಎಷ್ಟೋ ಮೀಟರ್ ಫೈಬರ್ ಹೋಯಿತು. ಮಾಮೂಲಿ ಫೈಬರ್ ಎಷ್ಟು ಬಿಸಾಡಿದರೂ ಯಾರೂ ಕೇಳಲ್ಲ. ಇದು ಮೀಟರಿಗೆ ಅದರ ಹತ್ತಾರು ಪಟ್ಟು ಬೆಲೆ. ಪ್ರತಿ ಕ್ಲೀವ್‌ಗೂ (ತುದಿಯನ್ನು ನೇರವಾಗಿ ಕತ್ತರಿಸುವುದಕ್ಕೂ) ಒಂದೆರಡು ಸೆಂಟಿಮೀಟರ್ ಕಸಕ್ಕೆ ಹೋಗುವಾಗ ಹೊಟ್ಟೆ ಉರಿಯುತ್ತೆ.

ಕೊನೆಗೆ ಕೈ ಹಿಡಿದದ್ದು ಸಣ್ಣ ಸಣ್ಣ ಆರ್ಕ್. ಮೊದಲು ಮಾಮೂಲಿ ಪ್ರೋಗ್ರಾಂನಲ್ಲೇ ಕೂಡಿಸಿ. ಆಮೇಲೆ ಪವರ್ ಇಳಿಸಿ, ಚಿಕ್ಕ ಆರ್ಕ್ ಕೊಡಿ, ನಿಲ್ಲಿಸಿ, ಮತ್ತೆ ಕೊಡಿ. ಸಣ್ಣ ಕೋರಿನಲ್ಲಿ ಜರ್ಮೇನಿಯಂ ಜಾಸ್ತಿ. ಬಿಸಿಗೆ ಅದು ಸುತ್ತಲಿನ ಗಾಜಿಗೆ ಹರಡಿ ಆ ತುದಿಯಲ್ಲಿ ಮೋಡ್ ಅಗಲವಾಗುತ್ತೆ. ಕೂಡಿದ ಕೂಡಲೇ ನನಗೆ 2 ಡಿಬಿ ಹತ್ತಿರ ಇರುತ್ತೆ. ಒಂದೆರಡು ಆರ್ಕ್‌ಗೆ 1ಕ್ಕೆ ಬರುತ್ತೆ, ಆಮೇಲೆ 0.5, 0.3, ಹೀಗೆ ನಿಧಾನವಾಗಿ ಇಳಿಯುತ್ತೆ. ಒಂದು ಆರ್ಕ್‌ಗೆ 0.02 ಕೂಡ ಸುಧಾರಿಸಲಿಲ್ಲ ಅಂದ್ರೆ ಅಲ್ಲಿಗೆ ಸಾಕು. ಇನ್ನೊಂದು ಕೊಟ್ಟು ನೋಡೋಣ ಅನ್ನೋ ಆಸೆ ಬೇಡ. ಲಾಸ್ ಅತಿ ಕಡಿಮೆ ಇರುವ ಹಂತ ದಾಟಿದ ಮೇಲೆ ಅದು ಹಿಂದಕ್ಕೆ ಬರೋದಿಲ್ಲ. ಜಾಯಿಂಟ್ ಎಲೆಕ್ಟ್ರೋಡ್‌ಗಳ (ಆರ್ಕ್ ಹೊಮ್ಮುವ ಮೊನೆಗಳ) ನಟ್ಟ ನಡುವೆ ಇರಬಾರದು ಅನ್ನುವಷ್ಟು ಹೇಳುತ್ತೇನೆ. ಯಾವ ಕಡೆಗೆ ಎಷ್ಟು ಸರಿಸಬೇಕು, ಆರ್ಕ್‌ಗಳ ನಡುವೆ ಎಷ್ಟು ಬಿಡುವು ಕೊಡಬೇಕು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸ್ಪ್ಲೈಸರ್ ಪರದೆ ಮೇಲೆ ಬರುವ ಲಾಸ್ ನೋಡಲೇಬೇಡಿ. ಅದು ಕ್ಯಾಮೆರಾ ಚಿತ್ರದಿಂದ ಕಟ್ಟಿದ ಅಂದಾಜು. ಮೆಷಿನ್ 0.02 ತೋರಿಸುವಾಗ ಬೆಳಕು ಅಳೆಯುವ ಪವರ್ ಮೀಟರಿನಲ್ಲಿ 2 ಡಿಬಿ ಹೋಗಿರುತ್ತೆ. ಬೆಳಕಿನ ಸೋರ್ಸ್ ಅರ್ಧ ಗಂಟೆ ಮೊದಲೇ ಆನ್ ಮಾಡಿ, ಮಾಮೂಲಿ ಫೈಬರಿನ ತುದಿಯ ಪವರ್ ಬರೆದಿಟ್ಟುಕೊಂಡು, ಆಮೇಲೆ ಕೂಡಿಸಿ. ಆರ್ಕ್ ಉರಿಯುವಾಗ ಮೀಟರ್ ಓದಬಾರದು, ಗಾಜು ತಣ್ಣಗಾಗಲಿ. ಸಣ್ಣ ಫೈಬರಿನ ತುಂಡು ಗಿಡ್ಡ ಇದ್ದರೆ ಕ್ಲ್ಯಾಡಿಂಗ್‌ನಲ್ಲಿ (ಕೋರಿನ ಸುತ್ತಲಿನ ಗಾಜಿನಲ್ಲಿ) ಹೋಗುವ ಬೆಳಕೂ ಮೀಟರಿಗೆ ಬಿದ್ದು ಲಾಸ್ ಕಡಿಮೆ ಕಾಣುತ್ತೆ. ಪೆನ್ಸಿಲ್‌ಗೆ ನಾಲ್ಕೈದು ಸುತ್ತು ಹಾಕಿ ಓದಿ. ಹೈ ಎನ್‌ಎ ಆದ್ದರಿಂದ ಕೋರಿನ ಬೆಳಕಿಗೆ ಆ ಬಾಗು ಏನೂ ಮಾಡಲ್ಲ, ಕ್ಲ್ಯಾಡಿಂಗ್‌ನದು ಮಾತ್ರ ಸೋರಿ ಹೋಗುತ್ತೆ. ಹೊರಗೆ 0.1 ಡಿಬಿ ಅಂತ ಹೇಳಿಕೊಳ್ಳುವ ಕೆಲವು ಜಾಯಿಂಟ್‌ಗಳನ್ನು ಹೀಗೆ ಸುತ್ತಿ ಅಳೆದಾಗ ಅಂಕಿ ಬದಲಾಗಿದ್ದನ್ನು ಕಂಡಿದ್ದೇನೆ.

ಸಿದ್ಧತೆಯಲ್ಲಿ ಹೊಸದೇನೂ ಇಲ್ಲ. ಕೋಟಿಂಗ್ ತೆಗೆದು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸುವಾಗ ಕೀಚ್ ಅಂತ ಸದ್ದು ಬಂದರೆ ಗಾಜು ಚೊಕ್ಕ ಆಗಿದೆ. ಕ್ಲೀವ್ ಕೋನ ಎರಡೂ ಕಡೆ ಅರ್ಧ ಡಿಗ್ರಿಯೊಳಗೆ ಇರಲಿ. ಇಲ್ಲಿ ಜಿಪುಣತನ ಮಾಡಿ ಹಳೇ ಬ್ಲೇಡ್‌ನಲ್ಲೇ ತಳ್ಳಿದರೆ ಉಳಿಸಿದ ದುಡ್ಡಿಗಿಂತ ಜಾಸ್ತಿ ಫೈಬರ್ ಹೋಗುತ್ತೆ. ಎಲೆಕ್ಟ್ರೋಡ್ ಕೂಡ ಅಷ್ಟೇ. ಒಂದು ಜಾಯಿಂಟ್‌ಗೆ ಹತ್ತು ಆರ್ಕ್ ಹೋಗೋದರಿಂದ ಬೇಗ ಸವೆಯುತ್ತೆ. ಸವೆದ ಮೇಲೆ ನಿನ್ನೆಯ ಸೆಟ್ಟಿಂಗ್ ಇವತ್ತು ಕೆಲಸ ಮಾಡಲ್ಲ. ಹವೆಯ ತೇವಕ್ಕೂ ಆರ್ಕ್ ಬದಲಾಗುತ್ತೆ, ಹಾಗಾಗಿ ದಿನಾ ಬೆಳಿಗ್ಗೆ ಮಾಮೂಲಿ ಫೈಬರಿನಲ್ಲಿ ಆರ್ಕ್ ಕ್ಯಾಲಿಬ್ರೇಷನ್ ಮಾಡಿಯೇ ಶುರು ಮಾಡುತ್ತೇನೆ.

ಕೆಟ್ಟ ತುಂಡುಗಳನ್ನೂ ಸುಮ್ನೆ ಎಸೆಯಲಿಲ್ಲ. ತುದಿಗೆ ಆರ್ಕ್ ಕೊಡುತ್ತಾ ಹೋದರೆ ಗಾಜು ಗುಂಡಾಗಿ ಪುಟ್ಟ ಬಾಲ್ ಲೆನ್ಸ್ ಆಗುತ್ತೆ. ಅದನ್ನು ಚಿಪ್ ಮುಂದೆ ಹಿಡಿದು ನೋಡಿದೆ. ಬೆಳಕು ಚೆನ್ನಾಗಿಯೇ ಒಳಗೆ ಹೋಯಿತು, ಆದರೆ ಒಂದರ ಹಾಗೆ ಇನ್ನೊಂದು ಬರಲಿಲ್ಲ. ಅದರ ಮೇಲೆ ಇನ್ನೂ ಕೆಲಸ ನಡೆದಿದೆ.

ಗಟ್ಟಿತನದ ಬಗ್ಗೆಯೂ ಅನುಮಾನ ಬಂತು, ಇಷ್ಟು ಸುಟ್ಟರೆ ಉಳಿಯುತ್ತಾ ಅಂತ. ಮೆಷಿನ್ 2 ನ್ಯೂಟನ್ ಹತ್ತಿರ ಎಳೆದು ನೋಡುತ್ತೆ, ಅಂದರೆ 200 ಗ್ರಾಂ ತೂಗು ಹಾಕಿದ ಹಾಗೆ. ನನ್ನವು ಬಹುತೇಕ ಪಾಸ್. ಮುರಿದವು ಜಾಯಿಂಟ್‌ನಲ್ಲಿ ಅಲ್ಲ, ಕೋಟಿಂಗ್ ತೆಗೆಯುವ ಸ್ಟ್ರಿಪ್ಪರ್ ತಾಗಿದ ಜಾಗದಲ್ಲಿ ಮುರಿದವು. ಜಾಯಿಂಟ್ ಕಾಪಾಡುವ ಸ್ಲೀವ್ ಹಾಕಿ ಬಿಸಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಲಾಸ್ 0.03 ಡಿಬಿಗಿಂತ ಜಾಸ್ತಿ ಬದಲಾಗಿದ್ದರೆ ಸ್ಲೀವ್ ಒಳಗೆ ಫೈಬರ್ ಬಾಗಿದೆ ಅಂತ ಲೆಕ್ಕ. ಅಂಥದ್ದನ್ನು ನಾನು ಯಾರಿಗೂ ಕೊಡಲ್ಲ, ಕತ್ತರಿಸಿ ಮೊದಲಿಂದ ಮಾಡುತ್ತೇನೆ.