ಸಜ್ಜಾದ ಹಾಯಿದೋಣಿ ಮಾರುವ ಮುಂಚೆ ಇಷ್ಟು ಮಾಡಿಕೊಳ್ಳಿ

ದೂರ ಪ್ರಯಾಣಕ್ಕೆ ಅಂತ ವರ್ಷಗಟ್ಟಲೆ ಸಜ್ಜು ಮಾಡಿದ ಹಾಯಿದೋಣಿಯನ್ನು ಮಾರಲು ಹೊರಟಾಗ ಮೊದಲು ಹೊಟ್ಟೆ ಉರಿಯುವುದು ಬೆಲೆ ಇಡುವಾಗಲೇ. ಸೋಲಾರ್ ಪ್ಯಾನೆಲ್, ಲಿಥಿಯಂ ಬ್ಯಾಟರಿ, ಉಪ್ಪುನೀರನ್ನು ಸಿಹಿ ಮಾಡುವ ವಾಟರ್‌ಮೇಕರ್, ರೇಡಾರ್, ಗಾಳಿಯ ದಿಕ್ಕು ಹಿಡಿದು ತಾನೇ ದೋಣಿ ನಡೆಸುವ ವಿಂಡ್‌ವೇನ್, ಎಲ್ಲದರ ಬಿಲ್ಲೂ ಕೈಯಲ್ಲಿದೆ. ಅಷ್ಟನ್ನೂ ಕೂಡಿಸಿ ಬೆಲೆಗೆ ಸೇರಿಸಬೇಕು ಅನಿಸುತ್ತದೆ. ದಯವಿಟ್ಟು ಸೇರಿಸಬೇಡಿ. ಸಾಮಾನಿಗೆ ಹಾಕಿದ ದುಡ್ಡಿನಲ್ಲಿ ವಾಪಸ್ ಬರುವುದು ಸ್ವಲ್ಪವೇ. ಆದರೆ ಅದೇ ಮಾಡೆಲ್‌ನ, ಅದೇ ವಯಸ್ಸಿನ ನಾಲ್ಕು ದೋಣಿ ಮಾರಾಟಕ್ಕಿದ್ದರೆ ಸಜ್ಜಾಗಿರುವುದೇ ಮೊದಲು ಹೋಗುತ್ತದೆ. ಸಾಮಾನಿನಿಂದ ಸಿಗುವ ನಿಜವಾದ ಲಾಭ ಇದು. ಬೇಗ ಹೋದರೆ ಮರೀನಾ (ದೋಣಿ ಕಟ್ಟಿಡುವ ಬಂದರು) ಬಾಡಿಗೆ, ವಿಮೆ, ತಳಕ್ಕೆ ಬಣ್ಣ ಹೊಡೆಸುವ ಖರ್ಚು ಎಲ್ಲ ಉಳಿಯಿತು, ಅಲ್ವಾ?

ಹಾಗಾಗಿ ಬೆಲೆ ಇಡುವಾಗ ಜಾಹೀರಾತಿನಲ್ಲಿ ಕಾಣುವ ಬೆಲೆ ನೋಡಬೇಡಿ. ಅದು ಮಾರುವವರ ಆಸೆ ಅಷ್ಟೇ. ನಿಮ್ಮದೇ ಮಾಡೆಲ್ ಕೊನೆಗೆ ಎಷ್ಟಕ್ಕೆ ಹೋಯಿತು ಅನ್ನುವುದು ಬೇಕು, ಅದು ಬ್ರೋಕರ್‌ಗಳಿಗೆ ಗೊತ್ತಿರುತ್ತದೆ. ಬ್ರೋಕರ್ ಕಮಿಷನ್ ಸಾಮಾನ್ಯವಾಗಿ ಮಾರಿದ ಬೆಲೆಯ 10% ಆಸುಪಾಸು. ನೀವು ದೋಣಿಯಿಂದ ದೂರ ಇದ್ದರೆ, ಅಥವಾ ಕಾಗದಪತ್ರ ಎರಡು ದೇಶಗಳ ನಡುವೆ ಓಡಾಡಬೇಕಿದ್ದರೆ, ಆ ದುಡ್ಡು ದಂಡ ಅಲ್ಲ ಅಂತಲೇ ನನ್ನ ಅಭಿಪ್ರಾಯ. ದೋಣಿಯ ಪಕ್ಕದಲ್ಲೇ ಇದ್ದು, ಫೋನ್ ಎತ್ತುವ ತಾಳ್ಮೆ ಇದ್ದರೆ ನೀವೇ ಮಾರಿ.

ಮಾರುವ ಮುಂಚೆ ಹೊಸದೇನಾದರೂ ಕೊಳ್ಳಬೇಕಾ ಅಂತ ತುಂಬ ಜನ ಕೇಳುತ್ತಾರೆ. ಸಮುದ್ರದ ನಕ್ಷೆ ತೋರಿಸುವ ಹೊಸ ಚಾರ್ಟ್‌ಪ್ಲಾಟರ್ ಬೇಡ, ಹೊಸ ದಿಂಬು ಕವರ್ ಕೂಡ ಬೇಡ. ಕೊಳ್ಳುವವರಿಗೆ ಅವರದೇ ಇಷ್ಟ ಇರುತ್ತದೆ. ಆದರೆ ಕೆಟ್ಟಿರುವ ಸಣ್ಣಪುಟ್ಟದ್ದನ್ನೆಲ್ಲ ಸರಿಮಾಡಿಸಿ. ಉರಿಯದ ಒಂದು ದೀಪ, ಬಿಗಿದುಕೊಂಡ ಒಂದು ಸೀಕಾಕ್ (ದೋಣಿಯ ತಳದಲ್ಲಿ ಸಮುದ್ರದ ನೀರು ತಡೆಯುವ ನಲ್ಲಿ), ತೊಟ್ಟಿಕ್ಕುವ ಒಂದು ಕಿಟಕಿ ಸಾಕು, ನೋಡಲು ಬಂದವರು ಕಣ್ಣಿಗೆ ಕಾಣದ ಕಡೆ ಇನ್ನೆಷ್ಟು ಕೆಟ್ಟಿದೆಯೋ ಅಂತ ಲೆಕ್ಕ ಹಾಕಲು ಶುರು ಮಾಡುತ್ತಾರೆ. ಹಾಯಿಕಂಬವನ್ನು ಹಿಡಿದಿರುವ ತಂತಿಗಳದ್ದು ಮಾತ್ರ ಬೇರೆ ಕಥೆ. 10-15 ವರ್ಷ ದಾಟಿದ ರಿಗ್ಗಿಂಗ್ ಅಂದರೆ ಅನೇಕ ವಿಮೆ ಕಂಪನಿಗಳು ಬದಲಾಯಿಸಿ ಅನ್ನುತ್ತವೆ, ಆ ವಿಷಯ ಕೊಳ್ಳುವವರಿಗೂ ಗೊತ್ತು. ನೀವೇ ಬದಲಾಯಿಸಲು ಹೋಗಬೇಡಿ. ಎಷ್ಟಾಗುತ್ತದೆ ಅಂತ ಬರಹದಲ್ಲಿ ಅಂದಾಜು ತರಿಸಿ, ಅದನ್ನು ಮುಂದಿಟ್ಟು ಮಾತಾಡಿ.

ಈಗ ಬಿಲ್ಜ್ ವಿಷಯ. ನೆಲದ ಹಲಗೆ ಎತ್ತಿ ದೋಣಿಯ ತೀರಾ ತಳಕ್ಕೆ ಟಾರ್ಚ್ ಹಾಕಿ ನೋಡಿ. ಎಣ್ಣೆ ತೇಲುವ ಕಪ್ಪು ನೀರು, ಕೂದಲು, ಎಂದೋ ಬಿದ್ದ ಒಂದು ತಿರುಪು, ಹಳೇ ಡೀಸೆಲ್ ವಾಸನೆ ಇದ್ದರೆ ಉಳಿದ ಕೆಲಸ ಎಲ್ಲ ಬಿಟ್ಟು ಮೊದಲು ಇದನ್ನು ತೊಳೆಯಿರಿ. ಉಜ್ಜಿ, ಒಣಗಿಸಿ, ಒಂದು ಹಾಳೆ ಟಿಶ್ಯೂ ಹಾಸಿ ಎರಡು ದಿನ ಬಿಡಿ. ಟಿಶ್ಯೂ ಒದ್ದೆಯಾದರೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ನಾಲಿಗೆಗೆ ತಾಗಿಸಿದರೆ ಉಪ್ಪೋ ಸಪ್ಪೆಯೋ ಗೊತ್ತಾಗುತ್ತದೆ: ಉಪ್ಪಾದರೆ ಪ್ರೊಪೆಲ್ಲರ್ ತಿರುಗಿಸುವ ಶಾಫ್ಟ್, ಸೀಕಾಕ್ ಕಡೆ ನೋಡಿ, ಸಪ್ಪೆಯಾದರೆ ಕುಡಿಯುವ ನೀರಿನ ಪೈಪ್ ಅಥವಾ ಮಳೆ ನೀರು. (ಎಣ್ಣೆ ಇರುವ ನೀರನ್ನು ಹೀಗೆ ನೋಡಬೇಡಿ.) ಒಣಗಿದ ಬಿಲ್ಜ್ ಕಂಡ ಕೂಡಲೇ ಬಂದವರ ಮುಖದ ಬಿಗಿ ಸಡಿಲವಾಗುವುದನ್ನು ನಾನು ನೋಡಿದ್ದೇನೆ. ಅಷ್ಟು ಕೆಲಸ ಯಾವ ರೇಡಾರೂ ಮಾಡುವುದಿಲ್ಲ.

ಆಮೇಲೆ ದೋಣಿ ಖಾಲಿ ಮಾಡಿ. ನಿಮ್ಮ ಬಟ್ಟೆ, ಪುಸ್ತಕ, ಪಾತ್ರೆ ಎಲ್ಲ ಇಳಿಸಿ. ನಿಮ್ಮ ಜೊತೆ ತೆಗೆದುಕೊಂಡು ಹೋಗುವ ಸಾಮಾನನ್ನು ಫೋಟೋ ತೆಗೆಯುವ ಮುಂಚೆಯೇ ಇಳಿಸಿ, ಯಾಕೆಂದರೆ ಫೋಟೋದಲ್ಲಿ ಕಂಡದ್ದೆಲ್ಲ ದೋಣಿಯ ಜೊತೆ ಬರುತ್ತದೆ ಅಂತಲೇ ಜನ ಅಂದುಕೊಳ್ಳುತ್ತಾರೆ, ಕೊನೇ ಗಳಿಗೆಯಲ್ಲಿ ಒಂದು ಹಳೇ ದೂರ್ಬೀನಿಗಾಗಿ ವ್ಯಾಪಾರ ಮುರಿಯುವುದು ಬೇಡ. ಫೋಟೋ ಜಾಸ್ತಿ ಇರಲಿ. ಹಾಯಿ ಬಿಚ್ಚಿ ಓಡುತ್ತಿರುವ ಚಿತ್ರ ಒಂದೆರಡು ಸಾಕು. ಎಂಜಿನ್ ಕೋಣೆ, ವಿದ್ಯುತ್ ಪ್ಯಾನೆಲ್‌ನ ಹಿಂಬದಿ, ಬಿಲ್ಜ್, ಲಾಕರ್‌ಗಳ ಒಳಗು ಇವನ್ನು ತೋರಿಸಿ. ಬೇರೆಯವರು ಮುಚ್ಚಿಡುವುದು ಇವನ್ನೇ.

ಸಾಮಾನಿನ ಪಟ್ಟಿ ಮಾಡುವಾಗ ಬರೀ ಹೆಸರು ಬರೆದರೆ ಸಾಲದು. ಮಾಡೆಲ್, ಕೂರಿಸಿದ ವರ್ಷ, ಕೊನೆಯ ಸರ್ವಿಸ್ ಯಾವಾಗ, ಈಗ ಕೆಲಸ ಮಾಡುತ್ತದೆಯೇ ಇಲ್ಲವೇ, ಇಷ್ಟೂ ಬೇಕು. ಲೈಫ್‌ರಾಫ್ಟ್‌ನ (ಜೀವ ಉಳಿಸುವ ಗಾಳಿದೋಣಿ) ಸರ್ವಿಸ್ ಅವಧಿ ಮುಗಿದಿದೆಯಾ, ಅಪಾಯದಲ್ಲಿ ಉರಿಸಿ ತೋರಿಸುವ ಫ್ಲೇರ್‌ಗಳ ತಾರೀಖು ದಾಟಿದೆಯಾ, ಅಪಾಯದಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಇಪರ್ಬ್‌ನ ಬ್ಯಾಟರಿ ಎಲ್ಲಿಯವರೆಗೆ ಅನ್ನುವುದನ್ನು ಮುಚ್ಚಿಡದೆ ಬರೆಯಿರಿ. ಸೈಲ್‌ಡ್ರೈವ್ (ಎಂಜಿನ್‌ನಿಂದ ನೇರ ದೋಣಿಯ ತಳದ ಮೂಲಕ ಇಳಿದು ಪ್ರೊಪೆಲ್ಲರ್ ತಿರುಗಿಸುವ ಭಾಗ) ಇದ್ದರೆ ಅದರ ದೊಡ್ಡ ರಬ್ಬರ್ ಸೀಲ್ ಬದಲಾಯಿಸಿದ ರಸೀದಿ ಹುಡುಕಿಡಿ. ದೋಣಿ ಎಂಜಿನ್ ಮಾಡುವ ವೋಲ್ವೋ ಪೆಂಟಾದವರು ಆ ಸೀಲನ್ನು 7 ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುತ್ತಾರೆ, ಕೊಳ್ಳುವವರು ಆ ರಸೀದಿ ಕೇಳದೇ ಬಿಡುವುದಿಲ್ಲ. ವಾಟರ್‌ಮೇಕರ್ ಸುಮ್ನೆ ನಿಂತಿದ್ದರೆ ಒಳಗಿನ ಮೆಂಬ್ರೇನ್ (ಉಪ್ಪು ಸೋಸುವ ಪೊರೆ) ಹಾಳಾಗದಂತೆ ಔಷಧಿ ಹಾಕಿಟ್ಟ ತಾರೀಖು ಬರೆಯಿರಿ. ಅದನ್ನು ಓಡಿಸಿ ತೋರಿಸುವುದಾದರೆ ತೆರೆದ ಸಮುದ್ರದಲ್ಲೇ ತೋರಿಸಿ, ಬಂದರಿನ ಎಣ್ಣೆ ನೀರು ಮೆಂಬ್ರೇನ್ ಕೆಡಿಸುತ್ತದೆ. ಕೆಟ್ಟಿರುವುದನ್ನು ಜಾಹೀರಾತಿನಲ್ಲೇ ಹೇಳಿಬಿಡಿ. ಮುಂದೆ ಇದೇ ನಿಮ್ಮನ್ನು ಕಾಪಾಡುತ್ತದೆ.

ನೋಡಲು ಬರುವ ದಿನ ಎಂಜಿನ್ ಮೊದಲೇ ಚಾಲೂ ಮಾಡಿ ಬಿಸಿ ಮಾಡಬೇಡಿ. ತಿಳಿದವರು ಬಂದ ತಕ್ಷಣ ಎಂಜಿನ್ ಮುಟ್ಟಿ ನೋಡುತ್ತಾರೆ, ಬೆಚ್ಚಗಿದ್ದರೆ ತಣ್ಣಗಿದ್ದಾಗ ಹತ್ತುವುದಿಲ್ಲ ಅಂದುಕೊಳ್ಳುತ್ತಾರೆ. ಒಂದು ಸುತ್ತು ತೋರಿಸಿ, ಆಮೇಲೆ ಹೊರಗೆ ಬಂದು ಕೂತುಬಿಡಿ. ಅವರು ಒಳಗೆ ಹಾಸಿಗೆ ಮೇಲೆ ಮಲಗಿ ನೋಡಲಿ, ಗಂಡ ಹೆಂಡತಿ ಪಿಸುಗುಟ್ಟಿಕೊಳ್ಳಲಿ. ನಿಮ್ಮ ಪ್ರಯಾಣದ ಕಥೆ ಅವರು ಕೇಳಿದರೆ ಮಾತ್ರ ಹೇಳಿ.

ಮಾತು ಕುದುರಿದರೆ ಬಾಯಿಮಾತು ಬೇಡ, ಬರಹದಲ್ಲಿರಲಿ. ರೂಢಿಯಲ್ಲಿ 10% ಮುಂಗಡ, ಸರ್ವೇ (ತಜ್ಞರು ದೋಣಿ ತಪಾಸಣೆ ಮಾಡುವುದು) ಮತ್ತು ಸಮುದ್ರದಲ್ಲಿ ಓಡಿಸಿ ನೋಡುವ ಟ್ರಯಲ್ ಒಪ್ಪಿಗೆಯಾದರೆ ಮಾತ್ರ ಉಳಿದದ್ದು. ಸರ್ವೇಯರ್ ಫೀಸು, ದೋಣಿ ಮೇಲೆತ್ತಿಸುವ ಖರ್ಚು ಸಾಮಾನ್ಯವಾಗಿ ಕೊಳ್ಳುವವರದ್ದು. ಸರ್ವೇಯರ್ ಸುತ್ತಿಗೆಯಲ್ಲಿ ತಟ್ಟುತ್ತಾ, ತೇವ ಅಳೆಯುವ ಮೀಟರ್ ಹಿಡಿದು ಓಡಾಡುವಾಗ ಹಿಂದೆ ಹಿಂದೆ ಹೋಗಿ ವಿವರಣೆ ಕೊಡಬೇಡಿ. ಟ್ರಯಲ್‌ನಲ್ಲಿ ಎಂಜಿನ್ ಪೂರ್ತಿ ವೇಗದಲ್ಲಿ ಓಡಿಸಿ ಬಿಸಿಯಾಗುತ್ತದಾ ಅಂತ ನೋಡುತ್ತಾರೆ, ಅದನ್ನು ನೀವು ಮುಂಚಿನ ವಾರವೇ ಒಮ್ಮೆ ನೋಡಿಟ್ಟುಕೊಳ್ಳಿ. ವರದಿ ಬಂದ ಮೇಲೆ ಬೆಲೆ ಇಳಿಸಿ ಅನ್ನುವುದು ಇದ್ದೇ ಇದೆ. ಹೊಸದಾಗಿ ಸಿಕ್ಕಿದ ದೋಷಕ್ಕೆ ನ್ಯಾಯವಾಗಿ ಇಳಿಸಿ. ಜಾಹೀರಾತಿನಲ್ಲೇ ಹೇಳಿದ್ದ ದೋಷಕ್ಕೆ ಒಂದು ಪೈಸೆಯೂ ಇಳಿಸಬೇಡಿ, ಬೆಲೆ ಇಟ್ಟಿದ್ದೇ ಅದನ್ನು ಲೆಕ್ಕ ಹಿಡಿದು.

ಕಾಗದಪತ್ರ ಮೊದಲೇ ಒಂದು ಫೈಲ್‌ನಲ್ಲಿರಲಿ: ನೋಂದಣಿ, ನೀವು ಕೊಂಡಾಗಿನ ಮಾರಾಟಪತ್ರ, ಸಾಲ ತೀರಿದ್ದಕ್ಕೆ ಪತ್ರ, ಯೂರೋಪಿನಲ್ಲಾದರೆ ವ್ಯಾಟ್ (ಮಾರಾಟ ತೆರಿಗೆ) ಕಟ್ಟಿದ್ದಕ್ಕೆ ದಾಖಲೆ. ದೋಣಿ ಪರದೇಶದ ನೀರಿನಲ್ಲಿದ್ದರೆ ಅಲ್ಲೇ ಮಾರಿದಾಗ ಸುಂಕ ಬೀಳುತ್ತದಾ ಅಂತ ಅಲ್ಲಿನ ಕಸ್ಟಮ್ಸ್‌ನಲ್ಲಿ ವಿಚಾರಿಸಿ. ಯಾರಾದರೂ ದೋಣಿ ನೋಡದೆಯೇ ಒಪ್ಪಿ, ಹೇಳಿದ್ದಕ್ಕಿಂತ ಹೆಚ್ಚಿನ ಚೆಕ್ ಕಳಿಸಿ, ಮಿಕ್ಕಿದ್ದನ್ನು ವಾಪಸ್ ಕಳಿಸಿ ಅಂದರೆ ಅದು ಮೋಸ, ಉತ್ತರ ಕೂಡ ಕೊಡಬೇಡಿ. ದುಡ್ಡು ಖಾತೆಗೆ ಬಂದು ಕೂತಿದೆ ಅಂತ ಬ್ಯಾಂಕ್ ಹೇಳುವ ತನಕ ಕೀ ಕೊಡಬೇಡಿ. ಅಲ್ಲಿಯವರೆಗೆ ವಿಮೆಯನ್ನೂ ನಿಲ್ಲಿಸಬೇಡಿ.

ಕೊಟ್ಟ ಮೇಲೆ ಒಂದು ದಿನ ಪೂರ್ತಿ ಹೊಸಬರ ಜೊತೆ ಇರಿ. ಪ್ರತಿ ಸೀಕಾಕ್ ಎಲ್ಲಿದೆ, ಇಂಧನ ಫಿಲ್ಟರ್ ಹೇಗೆ ಬಿಚ್ಚುವುದು, ರೀಫ್ (ಗಾಳಿ ಜಾಸ್ತಿಯಾದಾಗ ಹಾಯಿ ಚಿಕ್ಕದು ಮಾಡುವುದು) ಯಾವ ಗಾಳಿಗೆ ಹಾಕುವುದು ಎಲ್ಲ ಅವರ ಕೈಯಿಂದಲೇ ಮಾಡಿಸಿ. ಇಪರ್ಬ್ ನಿಮ್ಮ ಹೆಸರಿನಲ್ಲೇ ಉಳಿದರೆ ಅವರು ಅಪಾಯದಲ್ಲಿದ್ದಾಗ ಫೋನ್ ಬರುವುದು ನಿಮ್ಮ ಮನೆಗೆ. ಅದೇ ದಿನ ಇಬ್ಬರೂ ಕೂತು ಅದರ ನೋಂದಣಿ ಬದಲಾಯಿಸಿ, ಆಮೇಲೆ ದಡಕ್ಕೆ ಇಳಿಯಿರಿ.